ಸೈಕ್ಲೋನ್ ಸಮುದ್ರದಲ್ಲೇ ಹೋಗ್ತದೆ ಅಂದ್ರೆ ನಮಗೇನು ಭಯ? ಹವಾಮಾನದ ಸರ್ ಹತ್ರ ಕೇಳಿ

ಅಡ್ಮಿನ್: ಹವಾಮಾನ ಇಲಾಖೇಲಿ ಮುನ್ಸೂಚನೆ ಕೊಡೋ ಕೆಲಸ ಮಾಡಿ ರಿಟೈರ್ ಆದ ನಮ್ಮ ಗ್ರೂಪಿನ ಸರ್ ಇವತ್ತು ಉತ್ತರ ಕೊಡ್ತಾರೆ. ಪ್ರಶ್ನೆ ಮಾತ್ರ ಹಾಕಿ, ಫಾರ್ವರ್ಡ್ ವಿಡಿಯೋ ಹಾಕಿದ್ರೆ ಡಿಲೀಟ್.

ಮರವಂತೆ ಕಡೆಯ ಸದಸ್ಯೆ: ಸರ್ 2021ರ ತೌಕ್ತೆ ಟೈಮಲ್ಲಿ ಟಿವಿ ಮ್ಯಾಪಲ್ಲಿ ಗೆರೆ ಸೀದಾ ಗುಜರಾತಿಗೆ ಹೋಗಿತ್ತು, ನಮಗೇನಿಲ್ಲ ಅಂತ ಕೂತ್ಕೊಂಡ್ವಿ, ಆಮೇಲೆ ನೋಡಿದ್ರೆ ಕಡಲು ತೋಟದ ತನಕ ಬಂತು. ಮ್ಯಾಪ್ ತಪ್ಪಾ?

ಸರ್: ಮ್ಯಾಪ್ ಸರಿನೇ ಇತ್ತಮ್ಮಾ. ಆ ಗೆರೆ ಚಂಡಮಾರುತದ ನಡುಮಧ್ಯ ಎಲ್ಲಿ ಹೋಗ್ತದೆ ಅಂತ ತೋರ್ಸೋದು ಅಷ್ಟೇ, ಅದರ ಮೈ ನೂರಾರು ಕಿಲೋಮೀಟರ್ ಅಗಲ ಇರ್ತದೆ. ತೌಕ್ತೆ ಕರ್ನಾಟಕದ ನೆಲ ಮುಟ್ಟಲೇ ಇಲ್ಲ, ಮೇ 15ರ ಹೊತ್ತಿಗೆ ನಮ್ಮ ಎದುರಿನ ಸಮುದ್ರದಲ್ಲಿ ಉತ್ತರಕ್ಕೆ ಹೋಗ್ತಿತ್ತು, 17ರ ರಾತ್ರಿ ಗುಜರಾತಲ್ಲಿ ನೆಲಕ್ಕೆ ಬಂತು. ಆದ್ರೆ ಒಂದು ವಿಷಯ ಯಾರೂ ಹೇಳಲ್ಲ, ನಮ್ಮ ಕಡೆ ಚಂಡಮಾರುತದ ಗಾಳಿ ಗಡಿಯಾರದ ಉಲ್ಟಾ ಸುತ್ತೋದು, ಹಾಗಾಗಿ ಅದು ಹೋಗೋ ದಿಕ್ಕಿನ ಬಲಗಡೆ ಸುತ್ತೋ ಗಾಳಿಗೆ ಅದರ ನಡಿಗೆಯ ವೇಗವೂ ಸೇರ್ಕೊಳ್ತದೆ, ಉತ್ತರಕ್ಕೆ ಹೋಗೋದರ ಬಲಗಡೆ ಅಂದ್ರೆ ಪೂರ್ವ, ಅಂದ್ರೆ ನಾವೇ. ಇನ್ಮುಂದೆ ಗೆರೆ ಬಿಡಿ, ಬುಲೆಟಿನ್‌ನಲ್ಲಿ ನಿಮ್ಮ ಜಿಲ್ಲೆಗೆ ಗಾಳಿ ಎಷ್ಟು, ಅಲೆ ಎಷ್ಟು ಮೀಟರ್ ಅಂತ ಬರೆದಿರ್ತಾರೆ, ಅದನ್ನ ಓದಿ. ಕರಾವಳೀಲಿ ನಮ್ಮನ್ನ ಕಾಡೋದು ಜಾಸ್ತಿ ಅಲೆ ಮತ್ತು ಕಡಲ್ಕೊರೆತ.

ಉಡುಪಿ ಸದಸ್ಯ: ಬಂಗಾಳಕೊಲ್ಲಿದು ಆದ್ರೆ ನಮಗೆ ಟೆನ್ಶನ್ ಇಲ್ಲ ಅಲ್ವಾ ಸರ್?

ಸರ್: 2024ರ ಫೆಂಗಲ್ ಮರೆತ್ರಾ ಮಾರಾಯ್ರೆ? ನವೆಂಬರ್ 30ಕ್ಕೆ ಪುದುಚೇರಿ ಹತ್ರ ದಡ ಸೇರಿದ್ದು, ಡಿಸೆಂಬರ್ 3ಕ್ಕೆ ನಮ್ಮಲ್ಲಿ ಮಳೆಗೆ ಶಾಲೆಗೆ ರಜೆ. ಗಾಳಿ ಸತ್ತ ಮೇಲೂ ಮಳೆ ಬದುಕಿರ್ತದೆ.

ಭಟ್ಕಳ ಸದಸ್ಯ: ಮನೆ ಹಿಂದಿನ ಮಾಡಿಗೆ (ಛಾವಣಿಗೆ) ಶೀಟ್ ಹಾಕಿದ್ದೀವಿ ಸರ್, ಮೇಲೆ ಕೆಂಪು ಕಲ್ಲು ಪೇರ್ಸಿಟ್ರೆ ಸಾಕಾ?

ಸರ್: ಕಲ್ಲು ಇಳಿಸಿ, ಇವತ್ತೇ. ಗಾಳಿ ಶೀಟನ್ನ ಒತ್ತಲ್ಲ, ಮೇಲಕ್ಕೆ ಎಳೀತದೆ, ಶೀಟ್ ಎದ್ದರೆ ಕಲ್ಲು ಯಾರ ತಲೆ ಮೇಲೆ ಬೀಳ್ತದೋ ಗೊತ್ತಿಲ್ಲ. ಮತ್ತೆ ಗಾಳಿ ಎರಡು ಪಟ್ಟು ಆದ್ರೆ ಅದರ ಬಲ ನಾಲ್ಕು ಪಟ್ಟು ಆಗ್ತದೆ, ಗಂಟೆಗೆ 50 ಕಿ.ಮೀ. ಗಾಳಿಗೆ ಏನೂ ಆಗದ ಮಾಡು 100ಕ್ಕೆ ಹಾರೋದು ಅದಕ್ಕೇ. ಮೊದಲು ಕೀಳೋದು ಅಂಚು ಮತ್ತು ಮೂಲೆಯ ಶೀಟು, ಅಲ್ಲಿ ಬೋಲ್ಟು ಹತ್ತಿರ ಹತ್ತಿರ ಹಾಕ್ಸಿ, ತುಕ್ಕು ಹಿಡಿದ ವಾಷರ್ ಬದಲಾಯಿಸಿ, ಆದ್ರೆ ಶೀಟು ಪಕ್ಕಾಸಿಗೆ (ಮಾಡು ಹೊರೋ ಓರೆ ಮರಕ್ಕೆ) ಗಟ್ಟಿ ಇದ್ದು ಪಕ್ಕಾಸು ಗೋಡೆಗೆ ಗಟ್ಟಿ ಇಲ್ಲದಿದ್ರೆ ಇಡೀ ಮಾಡೇ ಎದ್ದು ಹೋಗ್ತದೆ, ಅದನ್ನೂ ಬಡಗಿ ಹತ್ರ ನೋಡಿಸಿ. ಹಂಚಿನ ಮನೆಯವರು ಅಂಚಿನ ಸಾಲಿನ ಹಂಚನ್ನ ಅದರ ಕೆಳಗಿನ ಮರದ ಪಟ್ಟಿಗೆ, ಅಂದ್ರೆ ರೀಪಿಗೆ, ತಂತಿ ಕಟ್ಸಿ. ಇದೆಲ್ಲ ಏಪ್ರಿಲ್‌ನಲ್ಲಿ ಮಾಡೋ ಕೆಲಸ. ಅಲರ್ಟ್ ಬಂದ ಮೇಲೆ ಏಣಿ ಹತ್ಬೇಡಿ.

ಮಲ್ಪೆ ಬೋಟಿನವರು: ಸೈಕ್ಲೋನಿಗೆ ಹೆಸರಿಟ್ಟ ಮೇಲೆ ವಾಪಸ್ ಬಂದ್ರೆ ಆಗ್ತದಾ ಸರ್? ಡೀಸೆಲ್ ಖರ್ಚು ಸುಮ್ನೆ ಹೋಗ್ತದೆ.

ಸರ್: ಖರ್ಚಿನ ಕಷ್ಟ ಗೊತ್ತು ಅಣ್ಣ, ಆದ್ರೂ ಬೇಡ. ಹೆಸರು ಸಿಗೋದು ಗಾಳಿ ಗಂಟೆಗೆ 63 ಕಿ.ಮೀ. ಮುಟ್ಟಿದ ಮೇಲೆ. 2017ರ ಓಖಿ ನವೆಂಬರ್ 29ಕ್ಕೆ ಬರೀ ವಾಯುಭಾರ ಕುಸಿತ, ಅಂದ್ರೆ ಚಂಡಮಾರುತಕ್ಕಿಂತ ಮೊದಲಿನ ಹಂತ, ಮರುದಿನವೇ ಚಂಡಮಾರುತ. ದಿನಗಟ್ಟಲೆ ಮೊದಲೇ ಆಳಸಮುದ್ರಕ್ಕೆ ಹೋಗಿದ್ದ ಕೇರಳ, ಕನ್ಯಾಕುಮಾರಿ ಕಡೆಯ ಬೋಟುಗಳಿಗೆ ಸುದ್ದಿ ಮುಟ್ಟಲಿಲ್ಲ, ಮೊಬೈಲ್ ಸಿಗ್ನಲ್ ಅಲ್ಲಿ ತನಕ ಎಲ್ಲಿ? ತುಂಬ ಜನ ಬರಲೇ ಇಲ್ಲ. ಕುಸಿತ ಅನ್ನೋ ಶಬ್ದ ಕೇಳಿದ ಕೂಡಲೇ ತಾಂಡೇಲರಿಗೆ (ಬೋಟ್ ನಡೆಸೋರಿಗೆ) ವೈರ್‌ಲೆಸ್‌ನಲ್ಲಿ ಹೇಳಿ, ಊರಿಗೇ ಬರ್ಬೇಕು ಅಂತ ಹಟ ಬೇಡ, ಹತ್ತಿರದ ಬಂದರು ಹಿಡೀಲಿ. ಓಖಿಯಲ್ಲಿ 900ಕ್ಕೂ ಹೆಚ್ಚು ಮಂದಿ ಮಹಾರಾಷ್ಟ್ರದ ದೇವಗಡ ಸೇರಿ ಉಳಿದ್ರು. ಅಳಿವೆ ಬಾಯಲ್ಲಿ (ಹೊಳೆ ಕಡಲು ಸೇರೋ ಕಡೆ) ಅಲೆ ಒಡೀತಿದ್ರೆ ನುಗ್ಗೋದು ಬೇಡ. ಒಳಗೆ ಕಟ್ಟಿದ ಬೋಟಿನ ಹಗ್ಗ ಬಿಗೀಬೇಡಿ, ನೀರು ಏರ್ತದೆ, ಮತ್ತೆ ಬೋಟ್ ಕಾಯ್ಲಿಕ್ಕೆ ಅಂತ ಯಾರನ್ನೂ ಅದರಲ್ಲಿ ಮಲಗಿಸ್ಬೇಡಿ.

ಚೆನ್ನೈನಲ್ಲಿರೋ ಸದಸ್ಯೆ: 2016ರ ವರ್ದಾದಲ್ಲಿ ಗಾಳಿ ನಡುವೆ ಪೂರ್ತಿ ನಿಂತೇ ಹೋಗಿತ್ತು, ಮುಗೀತು ಅನ್ಕೊಂಡು ಎಲ್ಲ ಕೆಳಗೆ ಇಳಿದ್ರು.

ಸರ್: ಅದೇ ಕಣ್ಣು, ಅಂದ್ರೆ ಚಂಡಮಾರುತದ ನಡುಮಧ್ಯದ ಗಾಳಿ ಇಲ್ಲದ ಜಾಗ. ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿಂದ ಹೊಡೀತದೆ, ಅರ್ಧ ಸಡಿಲ ಆಗಿದ್ದ ಮರ ಆಗಲೇ ಉರುಳೋದು. ಮುಗೀತು ಅಂತ ಇಲಾಖೆ ಹೇಳ್ಬೇಕು, ಬಾಲ್ಕನಿ ಅಲ್ಲ.

ಶಿರೂರು ಸದಸ್ಯ: ತಮ್ಮ ಒಮಾನಿನ ಸಲಾಲಾದಲ್ಲಿದ್ದಾನೆ ಸರ್, ಮರುಭೂಮಿಯಲ್ಲಿ ಏನು ಸೈಕ್ಲೋನ್ ಅಂತ ನಗ್ತಾನೆ.

ಸರ್: 2018ರ ಮೇಕುನು ಬಗ್ಗೆ ಅಲ್ಲಿ ಹಳಬರನ್ನ ಕೇಳ್ಲಿಕ್ಕೆ ಹೇಳಿ. ವರ್ಷಕ್ಕೆ ಬೀಳೋದಕ್ಕಿಂತ ಜಾಸ್ತಿ ಮಳೆ ಒಂದೇ ದಿನದಲ್ಲಿ ಸುರಿದಿತ್ತು. ಅಲ್ಲಿ ಒಣ ಹಳ್ಳಕ್ಕೆ ವಾದಿ ಅಂತಾರೆ, ಬೆಟ್ಟದಲ್ಲಿ ಬಿದ್ದ ಮಳೆ ಆ ಹಳ್ಳದಲ್ಲಿ ಒಮ್ಮೆಲೇ ನುಗ್ತದೆ, ಕಾರು ಕೊಚ್ಕೊಂಡು ಹೋಗೋದು ಅಲ್ಲೇ. ನೀರು ಹರೀತಿದ್ರೆ ಗಾಡಿ ಇಳಿಸೋದೇ ಬೇಡ ಅನ್ನಿ, ಡ್ಯೂಟಿಗೆ ಲೇಟ್ ಆದ್ರೆ ಆಗ್ಲಿ.

ಮರವಂತೆ ಕಡೆಯ ಸದಸ್ಯೆ: ಬಾವಿಗೆ ಉಪ್ಪು ನೀರು ನುಗ್ಗಿದ್ರೆ?

ಸರ್: ಕುಡೀಬೇಡಿ, ಕುದಿಸಿದ್ರೆ ಉಪ್ಪು ಹೋಗಲ್ಲ. ಮೊದಲೇ ಡ್ರಮ್ ತುಂಬಿಸಿ ಮುಚ್ಚಿಡಿ. ಬಾವಿಗೆ ಪಂಪ್ ಹಾಕೋ ಮೊದಲು ತಂತಿ ನೆಂದಿದೆಯಾ ಅಂತ ಎಲೆಕ್ಟ್ರಿಷಿಯನ್ ನೋಡ್ಲಿ. ತುರ್ತಿಗೆ ಜಿಲ್ಲಾ ಕಂಟ್ರೋಲ್ ರೂಮ್ 1077, ಈಗಲೇ ಸೇವ್ ಮಾಡ್ಕೊಳ್ಳಿ.