ಡಿಕ್ಕಿ ಹೊಡೆದ ಮೇಲೆ ವೇಗ ಜಾಸ್ತಿ ಆಗುತ್ತದಾ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿ, ಜಮಖಂಡಿ):
ನಮಸ್ಕಾರ ಸರ್. ಡಿಕ್ಕಿ ಆದ ಮೇಲೆ ಎರಡು ವಸ್ತು ದೂರ ಸರಿಯುವ ವೇಗವನ್ನು, ಮೊದಲು ಹತ್ತಿರ ಬರುತ್ತಿದ್ದ ವೇಗದಿಂದ ಭಾಗಿಸಿದರೆ ‘ಇ’ ಬರುತ್ತದೆ. ಅದು 0ರಿಂದ 1ರ ಒಳಗೇ ಇರುತ್ತದೆ ಅಂತ ನೋಟ್ಸ್‌ನಲ್ಲಿ ಬರೆಸಿದ್ದಾರೆ. ಆದರೆ ಕೇರಂನಲ್ಲಿ ಸ್ಟ್ರೈಕರ್‌ಗಿಂತ ಕಾಯಿ ಜೋರಾಗಿ ಓಡುತ್ತದಲ್ಲ? ಇದು ಸೂಪರ್ ಎಲಾಸ್ಟಿಕ್, ಅಂದರೆ ಬಡಿದ ಮೇಲೆ ಚಲನಶಕ್ತಿ ಹೆಚ್ಚಾಗುವ ಡಿಕ್ಕಿ ಅಲ್ವಾ ಅಂತ ಕ್ಲಾಸಿನಲ್ಲಿ ಕೇಳಿದೆ. ‘ಅಂಥದ್ದು ಯಾವುದೂ ಇಲ್ಲ, ಕೂತ್ಕೋ’ ಅಂದರು. ಎಲ್ಲರೂ ನಕ್ಕರು. ನಿಜವಾಗಿಯೂ ಇಲ್ವಾ ಸರ್?

ಉತ್ತರ (ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ):
ಇದೆ ತಮ್ಮಾ. ಆದರೆ ನಿನ್ನ ಕೇರಂ ಅದಕ್ಕೆ ಉದಾಹರಣೆ ಅಲ್ಲ. ಮೊದಲು ಅದನ್ನೇ ಬಗೆಹರಿಸೋಣ.

ಸ್ಟ್ರೈಕರ್ 15 ಗ್ರಾಂ, ಕಾಯಿ 5 ಗ್ರಾಂ ಅಂತ ಹಿಡಿ. ಸ್ಟ್ರೈಕರ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬಂದು, ನಿಂತ ಕಾಯಿಗೆ ನೇರವಾಗಿ ಬಡಿಯಿತು. ಒಂದಿಷ್ಟೂ ಶಕ್ತಿ ಹಾಳಾಗದಿದ್ದರೆ ಕಾಯಿ 1.5ರ ವೇಗದಲ್ಲಿ ಓಡುತ್ತದೆ, ಸ್ಟ್ರೈಕರ್ 0.5ಕ್ಕೆ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಎಷ್ಟು? 1. ಮೊದಲೂ 1 ಇತ್ತು. ಅಂದರೆ ಇ ಸರಿಯಾಗಿ 1. ಕಾಯಿ ಹಗುರ, ಅದಕ್ಕೆ ಜೋರಾಗಿ ಓಡಿತು. ಅಷ್ಟೇ. ನಿಜವಾದ ಬೋರ್ಡಿನಲ್ಲಿ ‘ಟಕ್’ ಅಂತ ಸದ್ದು ಬಂತಲ್ಲ, ಆ ಸದ್ದಿಗೂ ಸ್ವಲ್ಪ ಶಕ್ತಿ ಹೋಗಿರುತ್ತದೆ. ಹಾಗಾಗಿ ಇ ಒಂದಕ್ಕಿಂತ ಕಡಿಮೆಯೇ.

ಈಗ ಕಾಯಿ 1.65, ಸ್ಟ್ರೈಕರ್ 0.45 ವೇಗದಲ್ಲಿ ಹೋಯಿತು ಅಂದುಕೋ. ಇ 1.2 ಆಯಿತು. ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) ನೋಡು: 15ನ್ನು 0.45ರಿಂದ ಗುಣಿಸಿದರೆ 6.75, 5ನ್ನು 1.65ರಿಂದ ಗುಣಿಸಿದರೆ 8.25. ಕೂಡಿದರೆ 15. ಮೊದಲು ಇದ್ದಷ್ಟೇ! ಸಂವೇಗದ ನಿಯಮ ಏನೂ ತಕರಾರು ಮಾಡುವುದಿಲ್ಲ. ಆದರೆ ಚಲನಶಕ್ತಿ ಶೇಕಡಾ 11ರಷ್ಟು ಹೆಚ್ಚಾಗಿದೆ. ಈ 11 ಎಲ್ಲಿಂದ ಬಂತು ಅನ್ನುವುದೇ ಇಲ್ಲಿನ ಪ್ರಶ್ನೆ. ಕಾಯಿಯ ಒಳಗೆ ಮೊದಲೇ ಏನೋ ತುಂಬಿಟ್ಟಿರಬೇಕು. ಒತ್ತಿ ಹಿಡಿದ ಸ್ಪ್ರಿಂಗ್ ಇರಬಹುದು, ಚಿಟಿಕೆ ಪಟಾಕಿ ಮದ್ದು ಇರಬಹುದು. ಡಿಕ್ಕಿ ಆ ಚಿಲಕ ತೆಗೆಯಿತು.

ಸ್ಪ್ರಿಂಗ್ ಇರುವ ಇಲಿ ಬೋನು ನೋಡಿದ್ದೀಯಲ್ಲ? ಎಳೆದು ಸಿಕ್ಕಿಸಿದ ಬೋನಿನ ಮೇಲೆ ರಬ್ಬರ್ ಚೆಂಡು ಬಿಟ್ಟರೆ, ಬಿಟ್ಟ ಎತ್ತರಕ್ಕಿಂತ ಮೇಲೆ ಹಾರಬಹುದು. ಅದೇ ಸೂಪರ್ ಎಲಾಸ್ಟಿಕ್. (ಬೆರಳು ಜೋಪಾನ. ನನ್ನ ಹೆಬ್ಬೆರಳಿಗೆ ಇದರ ಅನುಭವ ಇದೆ.)

ನಿಮ್ಮ ಸರ್ ಮೇಲೆ ಸಿಟ್ಟು ಬೇಡ. ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಹುಡುಗರಿಗೆ ಹಾಗೇ ಹೇಳಿದ್ದೆ.

ಟರ್ನರ್, ಉದ್ಯಮಬಾಗ, ಬೆಳಗಾವಿ:
ನಮಸ್ಕಾರ್ರಿ ಸರ್. ಮೊಬೈಲ್‌ನಲ್ಲಿ ಒಂದು ವಿಡಿಯೋ ಬಂದಿತ್ತು. ಮ್ಯಾಗ್ನೆಟ್‌ಗೆ ಮೂರು ಬೇರಿಂಗ್ ಗುಂಡು ಅಂಟಿಸಿದ್ದಾರೆ. ಈ ಕಡೆಯಿಂದ ಒಂದು ಗುಂಡನ್ನು ಮೆಲ್ಲಗೆ ಉರುಳಿಸಿದರೆ ಆ ಕಡೆಯ ಗುಂಡು ಬಂದೂಕಿನಿಂದ ಬಿಟ್ಟಂತೆ ಹೋಗುತ್ತದೆ. ಕೆಳಗೆ ‘ಪುಕ್ಕಟೆ ಕರೆಂಟ್ ಮಾಡಬಹುದು’ ಅಂತ ಬರೆದಿದ್ದರು. ನಮ್ಮ ಶಾಪ್‌ನಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯಿತು.

ಉತ್ತರ:
ಅಣ್ಣಾರ, ವಿಡಿಯೋ ಖರೆ, ಕೆಳಗಿನ ಬರಹ ಸುಳ್ಳು. ನೀವೇ ಮಾಡಿ ನೋಡಿ, ಗುಂಡುಗಳಂತೂ ನಿಮ್ಮ ಹತ್ತಿರವೇ ಇವೆ. ಎರಡು ಸ್ಕೇಲ್ ಜೋಡಿಸಿ ನಡುವೆ ಕಾಲುವೆಯಂತೆ ಸಂದು ಬಿಡಿ. ಒಂದು ಜೋರಾದ ನಿಯೋಡಿಮಿಯಂ ಮ್ಯಾಗ್ನೆಟ್ ಅನ್ನು ಟೇಪ್ ಹಚ್ಚಿ ಗಟ್ಟಿಯಾಗಿ ಕೂರಿಸಿ. ಅದರ ಬಲಕ್ಕೆ ಮೂರು ಗುಂಡು ಸಾಲಾಗಿ ಇಡಿ. ಎಡದಿಂದ ಒಂದು ಗುಂಡನ್ನು ಮೆಲ್ಲಗೆ ಉರುಳಿಸಿ.

ಕಣ್ಣಿಟ್ಟು ನೋಡಿ. ಗುಂಡು ಮೊದಲು ತೂಕಡಿಸುತ್ತಾ ಬರುತ್ತದೆ. ಕೊನೆಯ ಒಂದೆರಡು ಸೆಂಟಿಮೀಟರ್‌ನಲ್ಲಿ ಒಮ್ಮೆಲೇ ಜಗ್ಗಿದಂತಾಗಿ ಮ್ಯಾಗ್ನೆಟ್‌ಗೆ ಬಡಿಯುತ್ತದೆ. ಆ ಏಟು ಮ್ಯಾಗ್ನೆಟ್ ದಾಟಿ, ಎರಡು ಗುಂಡು ದಾಟಿ, ಕೊನೆಯದಕ್ಕೆ ಮುಟ್ಟುತ್ತದೆ. ಗುಟ್ಟು ಇಲ್ಲಿದೆ: ಬಂದ ಗುಂಡು ಮ್ಯಾಗ್ನೆಟ್‌ಗೆ ತಾಗಿಯೇ ಕೂತಿತು, ಹೋದ ಗುಂಡು ಎರಡು ಗುಂಡಿನಷ್ಟು ದೂರದಲ್ಲಿತ್ತು. ದೂರದ ಗುಂಡಿನ ಹಿಡಿತ ಸಡಿಲ. ಅದನ್ನು ಬಿಡಿಸಲು ಕಡಿಮೆ ಖರ್ಚು, ಹತ್ತಿರದ ಗುಂಡು ಒಳಗೆ ಬಿದ್ದಾಗ ಜಾಸ್ತಿ ಆದಾಯ. ಉಳಿದದ್ದೆಲ್ಲ ವೇಗವಾಯಿತು.

ಇನ್ನೊಂದು ಸಲ ಹೊಡೆಯಬೇಕಾದರೆ? ಅಂಟಿಕೊಂಡ ಗುಂಡನ್ನು ಕೈಯಿಂದ ಕೀಳಬೇಕು. ಆಗ ಬೆರಳು ನೋಯುತ್ತದಲ್ಲ, ಕರೆಂಟ್ ಬಿಲ್ ಕಟ್ಟುವುದು ಅಲ್ಲೇ.

ಬಿ.ಎಸ್ಸಿ. ವಿದ್ಯಾರ್ಥಿನಿ, ಬಾಗಲಕೋಟೆ:
ಸರ್, ಸ್ಪ್ರಿಂಗ್, ಮ್ಯಾಗ್ನೆಟ್ ಎಲ್ಲ ನಾವು ಇಟ್ಟದ್ದು. ಯಾರೂ ಇಡದೆ ತಾನಾಗಿಯೇ ಇಂಥ ಡಿಕ್ಕಿ ಆಗುತ್ತದಾ?

ಉತ್ತರ:
ಒಳ್ಳೆ ಪ್ರಶ್ನೆ ತಂಗಿ. ದಿನಾ ಆಗುತ್ತದೆ. ಚೋಕ್ ಹಾಕುವ ಹಳೆಯ ಟ್ಯೂಬ್‌ಲೈಟ್ ಮನೆಯಲ್ಲಿ ಇದ್ದರೆ ನಿನ್ನ ತಲೆಯ ಮೇಲೇ ಆಗುತ್ತಿರುತ್ತದೆ.

1914ರಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ತಾವ್ ಹರ್ಟ್ಜ್ ಪಾದರಸದ ಆವಿಯೊಳಗೆ ಇಲೆಕ್ಟ್ರಾನ್‌ಗಳನ್ನು ಓಡಿಸಿದರು. 4.9 ಇಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಲೋಕದಲ್ಲಿ ಶಕ್ತಿ ಅಳೆಯುವ ಮಾನ) ಶಕ್ತಿ ಮುಟ್ಟುವ ತನಕ ಇಲೆಕ್ಟ್ರಾನ್ ಪರಮಾಣುವಿಗೆ ಬಡಿದು ಸುಮ್ನೆ ಪುಟಿಯುತ್ತದೆ. ಮುಟ್ಟಿದರೆ ಅಷ್ಟನ್ನೂ ಪರಮಾಣುವಿಗೆ ಕೊಟ್ಟು ಮಂಕಾಗುತ್ತದೆ. ಈ ಕೆಲಸಕ್ಕೆ ಅವರಿಗೆ 1925ರ ನೊಬೆಲ್ ಸಿಕ್ಕಿತು. ಶಕ್ತಿ ಪಡೆದ ಪರಮಾಣು ಸಾಮಾನ್ಯವಾಗಿ 254 ನ್ಯಾನೋಮೀಟರ್‌ನ ನೇರಳಾತೀತ ಬೆಳಕು ಬಿಟ್ಟು ತಣ್ಣಗಾಗುತ್ತದೆ. ಟ್ಯೂಬಿನ ಒಳಗೋಡೆಯ ಬಿಳಿ ಪುಡಿ ಅದನ್ನು ಕಣ್ಣಿಗೆ ಕಾಣುವ ಬೆಳಕು ಮಾಡುತ್ತದೆ.

ಬೆಳಕು ಬಿಡುವ ಮೊದಲೇ ಇನ್ನೊಂದು ನಿಧಾನದ ಇಲೆಕ್ಟ್ರಾನ್ ಬಂದು ತಾಗಿದರೆ? ಪರಮಾಣು ಆ 4.9ನ್ನು ಅದರ ಕೈಗೆ ಕೊಟ್ಟುಬಿಡಬಹುದು. ಬಹುತೇಕ ನಿಂತಿದ್ದ ಇಲೆಕ್ಟ್ರಾನ್ ಕೂಡ ಸೆಕೆಂಡಿಗೆ ಸುಮಾರು 1,300 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ.

ಇದು ಆಗಲೇಬೇಕು ಅಂತ 1921ರಲ್ಲಿ ಓಸ್ಕರ್ ಕ್ಲೈನ್ ಮತ್ತು ಸ್ವೈನ್ ರೋಸ್ಲಾಂಡ್ ವಾದಿಸಿದರು. ಆ ವಾದ ನನಗೆ ಬಹಳ ಇಷ್ಟ. ಮುಚ್ಚಿದ ಡಬ್ಬಿಯಲ್ಲಿ ಪರಮಾಣು, ಇಲೆಕ್ಟ್ರಾನ್ ಎರಡೂ ಒಂದೇ ತಾಪದಲ್ಲಿವೆ. ಇಲೆಕ್ಟ್ರಾನ್‌ಗಳು ಬಡಿದಾಗಲೆಲ್ಲ ಕಳೆದುಕೊಳ್ಳುತ್ತಲೇ ಹೋದರೆ ಅವು ತಣ್ಣಗಾಗುತ್ತವೆ, ಸಮತೋಲ ತಾನಾಗಿಯೇ ಕೆಡುತ್ತದೆ. ಹಾಗೆ ಆಗಕೂಡದು. ಆದ್ದರಿಂದ ಕೊಡುವ ಡಿಕ್ಕಿ ಇದ್ದರೆ ಮರಳಿ ಪಡೆಯುವ ಡಿಕ್ಕಿಯೂ ಇರಬೇಕು. ಒಂದು ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿದಂತೆ.

ವಿದ್ಯಾರ್ಥಿ, ಜಮಖಂಡಿ:
ಹಾಗಾದರೆ ಸರ್, ಇ ಒಂದಕ್ಕಿಂತ ಹೆಚ್ಚು ಬಂದರೆ ಒಳಗೆ ಏನೋ ತುಂಬಿಟ್ಟಿದ್ದಾರೆ ಅಂತ ಬರೆಯಬಹುದಾ?

ಉತ್ತರ:
ನೇರವಾಗಿ ಬಡಿದಿದ್ದರೆ ಬರಿ. ಓರೆಯಾಗಿ ಬಡಿದಿದ್ದರೆ ತಡಿ. ಗಟ್ಟಿ ಸೆರಾಮಿಕ್ ಗುಂಡನ್ನು ಪಾಲಿಕಾರ್ಬೊನೇಟ್ ಹಾಳೆಯ ಮೇಲೆ ಓರೆಯಾಗಿ ಬಿಟ್ಟಾಗ, ಹಾಳೆಗೆ ಲಂಬವಾದ ವೇಗ ಮಾತ್ರ ಲೆಕ್ಕ ಹಾಕಿದರೆ ಇ ಒಂದನ್ನು ದಾಟಿದ್ದು 2002ರಲ್ಲೇ ಪ್ರಕಟವಾಗಿದೆ. ಅಲ್ಲಿ ಮದ್ದೂ ಇಲ್ಲ, ಸ್ಪ್ರಿಂಗೂ ಇಲ್ಲ. ಉದ್ದಕ್ಕೆ ಜಾರುವ ವೇಗದ ಒಂದು ಪಾಲು ಮೇಲಕ್ಕೆ ತಿರುಗಿತ್ತು. ಒಟ್ಟು ಚಲನಶಕ್ತಿ ಹೆಚ್ಚಾಗಿರಲಿಲ್ಲ. ಹಾಗಾಗಿ ಇ ನೋಡಿ ನಿಲ್ಲಬೇಡ, ಒಟ್ಟು ಶಕ್ತಿಯನ್ನೂ ಕೂಡಿಸಿ ನೋಡು.

ಪರೀಕ್ಷೆಯಲ್ಲಿ ಮಾತ್ರ, ‘ಒಳಗೆ ಶಕ್ತಿ ಬಿಡುಗಡೆ ಆಗದಿದ್ದರೆ’ ಅಂತ ಒಂದು ಸಾಲು ಸೇರಿಸಿ 0ರಿಂದ 1 ಅಂತಲೇ ಬರಿ. ಮಾರ್ಕ್ಸ್ ಹೋಗುವುದಿಲ್ಲ.

ಟರ್ನರ್, ಬೆಳಗಾವಿ:
ಸರ್, ಊಟದ ಬಿಡುವಿನಲ್ಲಿ ಮಾಡಿ ನೋಡಿದೆವು. ಗುಂಡು ಲೇತ್ ಮಷಿನ್ ಕೆಳಗೆ ಹೋಗಿದೆ, ಇನ್ನೂ ಸಿಕ್ಕಿಲ್ಲ. ಅಂಟಿಕೊಂಡಿದ್ದನ್ನು ಕೀಳಲು ಕಡೆಗೆ ಸ್ಕ್ರೂಡ್ರೈವರ್ ಬೇಕಾಯ್ತು ನೋಡ್ರಿ.