ಕಾಂಟ್ರಾಕ್ಟರ್ ಬಾತ್‌ರೂಮ್ ಒಡೆದು ಅರ್ಧಕ್ಕೆ ಬಿಟ್ಟಿದ್ದಾರೆ, ಈಗ ಇನ್ನೂ 40 ಸಾವಿರ ಕೇಳ್ತಿದ್ದಾರೆ. ಕೊಡೋದಾ?

ಮೈಸೂರು_ಮನೆ

ಮೈಸೂರಲ್ಲಿ ಸ್ವಂತ ವಾಸದ ಹಳೇ ಮನೆ. ಮೊದಲನೇ ಮಹಡಿಯ ಎರಡು ಬಾತ್‌ರೂಮ್, ಎರಡೂ 5×8 ಅಡಿ, ಪೂರ್ತಿ ಒಡೆದು ಹೊಸದಾಗಿ ಮಾಡೋಕೆ 2,60,000ಕ್ಕೆ ಮಾತಾಗಿತ್ತು. ಪೈಪ್, ಸಿಮೆಂಟ್, ವಾಟರ್‌ಪ್ರೂಫಿಂಗ್, ಟೈಲ್ ಗಮ್, ಕೂಲಿ ಎಲ್ಲ ಅವರದ್ದು. ಟೈಲ್ಸ್, ಕಮೋಡ್, ನಲ್ಲಿಗಳು ನಮ್ಮದು. ಒಂದು ಹಾಳೆ ಕೊಟೇಶನ್ ಇದೆ, ಮುಗಿಸೋ ದಿನಾಂಕ ಅದರಲ್ಲಿಲ್ಲ.

ಈವರೆಗೆ ಕೊಟ್ಟಿರೋದು 1,70,000. ಆಗಿರೋದು ಇಷ್ಟು: ಎರಡೂ ಒಡೆದು ಮಣ್ಣು ಸಾಗಿಸಿದ್ದಾರೆ. ಒಂದರಲ್ಲಿ ಮಾತ್ರ ಪೈಪ್ ಎಳೆದು, ನೆಲಕ್ಕೆ ಬೂದು ಬಣ್ಣದ ಕೋಟ್ ಹೊಡೆದಿದ್ದಾರೆ. ಅದಕ್ಕೆ ಬಂದಿದ್ದು 3 ಕೆಜಿಯ ಒಂದೇ ಡಬ್ಬ. ಆಮೇಲೆ "ನಾಳೆ ಹುಡುಗರು ಬರ್ತಾರೆ ಸಾರ್" ಅನ್ನೋದು ಬಿಟ್ಟರೆ ಬೇರೆ ಏನೂ ಇಲ್ಲ. ಈಗ ಟೈಲ್ ಗಮ್ ತರೋಕೆ 40,000 ಹಾಕಿ, ತಕ್ಷಣ ಶುರು ಮಾಡ್ತೀನಿ ಅಂತಿದ್ದಾರೆ. ಕೊಟ್ಟು ಮುಗಿಸಿಕೊಳ್ಳೋದಾ, ಬೇರೆಯವರನ್ನ ಕರೆಸೋದಾ?

ಸೈಟ್_ಇಂಜಿನಿಯರ್

ಕೊಡಬೇಡಿ. ಮೊದಲು ಆ 40 ಸಾವಿರದ ಲೆಕ್ಕವನ್ನೇ ನೋಡಿ. 5×8 ಬಾತ್‌ರೂಮಿನ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ ಅಂದರೆ 182 ಚದರಡಿ. ಬಾಗಿಲು, ವೆಂಟಿಲೇಟರ್ ಕಳೆದರೆ 160. ನೆಲ 40. ಒಟ್ಟು 200, ಎರಡಕ್ಕೂ ಸೇರಿ 400. 20 ಕೆಜಿಯ ಗಮ್ ಚೀಲ 3 ಮಿಮೀ ದಪ್ಪಕ್ಕೆ ಸುಮಾರು 50 ಚದರಡಿ ಬರುತ್ತೆ, ಅಂದರೆ 8 ಚೀಲ. ಗೋಡೆ ಅಂಕುಡೊಂಕಾಗಿದೆ ಅಂತ 12 ಹಿಡಿಯಿರಿ. ಚೀಲಕ್ಕೆ ಸಾವಿರ ರೂಪಾಯಿ ಅಂದುಕೊಂಡರೂ 12,000 ದಾಟಲ್ಲ. ಮಿಕ್ಕ ದುಡ್ಡು ಇನ್ನೊಂದು ಸೈಟಿನ ವಾರದ ಬಟವಾಡೆಗೆ ಹೋಗುವ ಸಾಧ್ಯತೆಯೇ ಹೆಚ್ಚು. ಇಂಥ ಕೆಲಸಗಳು ನಿಲ್ಲೋದೂ ಬಹುಪಾಲು ಇದರಿಂದಲೇ: ನಿಮ್ಮ ಅಡ್ವಾನ್ಸ್‌ನಲ್ಲಿ ಹಿಂದಿನ ಸೈಟ್ ಮುಗಿಸುತ್ತಾರೆ, ನಿಮ್ಮದನ್ನು ಮುಗಿಸೋಕೆ ಮುಂದಿನವರ ಅಡ್ವಾನ್ಸ್ ಬೇಕಾಗುತ್ತೆ.

ಇನ್ನು ಆಗಿರುವ ಕೆಲಸಕ್ಕೆ ಬೆಲೆ ಕಟ್ಟಿ. ಸಾಮಗ್ರಿ ಸೇರಿದ ಇಂಥ ಗುತ್ತಿಗೆಯಲ್ಲಿ ಸ್ಥೂಲವಾಗಿ ಒಡೆದು ಸಾಗಿಸೋದಕ್ಕೆ 12%, ಪೈಪಿಗೆ 25%, ವಾಟರ್‌ಪ್ರೂಫಿಂಗ್‌ಗೆ 15%, ಗಾರೆ ಮತ್ತು ಟೈಲಿಗೆ 35%, ಫಿಟ್ಟಿಂಗ್ ಮತ್ತು ಫಿನಿಶಿಂಗ್‌ಗೆ ಉಳಿದದ್ದು. ಎರಡೂ ಒಡೆದದ್ದಕ್ಕೆ 31,200. ಒಂದರ ಪೈಪಿಗೆ 1,30,000ದ 25%, ಅಂದರೆ 32,500. ಆ ಬೂದು ಕೋಟಿಗೆ ಸದ್ಯ ಸೊನ್ನೆ, ಯಾಕೆ ಅಂತ ಕೆಳಗೆ ಯಾರಾದರೂ ಹೇಳ್ತಾರೆ. ಒಟ್ಟು 63,700. ನೀವು ಕೊಟ್ಟಿದ್ದು 1,70,000. ಈಗಲೇ 1,06,300 ಅವರ ಕಡೆ ಹೆಚ್ಚಾಗಿ ಹೋಗಿದೆ. ಸೈಟಲ್ಲಿ ಬಿದ್ದಿರೋ ಸಿಮೆಂಟ್, ಪೈಪ್, ಎಂ-ಸ್ಯಾಂಡ್ ಎಣಿಸಿ, ಬಿಲ್ ದರದಲ್ಲಿ ಅದನ್ನ ಈ ಮೊತ್ತದಿಂದ ಕಳೆಯಿರಿ. ನ್ಯಾಯವಾಗಿ ಕಳೆಯಬೇಕು, ನಾಳೆ ಗ್ರಾಹಕ ಆಯೋಗದ ಮುಂದೆ ಈ ಹಾಳೆಯನ್ನೇ ಇಡಬೇಕಾಗುತ್ತೆ.

ಬೇರೆಯವರು ಒಂದು ಉಳಿಪೆಟ್ಟು ಹಾಕೋ ಮುಂಚೆ ಈಗಿರೋ ಸ್ಥಿತಿಯನ್ನ ದಾಖಲಿಸಿ. ನಾಲ್ಕೂ ಗೋಡೆ, ನೆಲ, ಪ್ರತಿ ಜಾಯಿಂಟ್‌ಗೆ ಟೇಪ್ ಹಿಡಿದು ಫೋಟೋ. ಬಾಗಿಲಿಂದ ಶುರುಮಾಡಿ ಒಂದು ಸುತ್ತು ನಿಲ್ಲಿಸದೆ ವಿಡಿಯೋ. ಕೆಳಗಿನ ಕೋಣೆಯ ಸೀಲಿಂಗ್‌ನದ್ದೂ ಬೇಕು. ಹೊರಗಿನ ಸಿವಿಲ್ ಇಂಜಿನಿಯರ್ ಒಬ್ಬರಿಂದ ಅಳತೆ, ದೋಷ, ಬೆಲೆ ಬರೆದ ಸಹಿ ಇರೋ ಎರಡು ಪುಟದ ವರದಿ ಮಾಡಿಸಿ. ಹೊಸ ಕಾಂಟ್ರಾಕ್ಟರ್ ಹತ್ತಿರ ಮಾತ್ರ ಬರೆಸಬೇಡಿ, ಹಳಬನ ಕೆಲಸ ಕೆಟ್ಟದ್ದು ಅಂದರೆ ಲಾಭ ಅವರಿಗೇ ಅಂತ ಎದುರಾಳಿ ವಾದಿಸ್ತಾರೆ.

ನೀರುಪೈಪು

ವಾಟರ್‌ಪ್ರೂಫಿಂಗ್‌ಗೆ ಸೊನ್ನೆ ಅಂದದ್ದು ಸರಿ. ನೆಲ 40 ಚದರಡಿ, ಸುತ್ತಲೂ ಗೋಡೆಗೆ 1 ಅಡಿ ಎತ್ತರ ಅಂದರೆ 26, ಶವರ್ ಮೂಲೆಯ ಎರಡು ಗೋಡೆಗೆ 6 ಅಡಿವರೆಗೆ ಇನ್ನೊಂದು 40. ಒಟ್ಟು 105 ಚದರಡಿ ಹತ್ತಿರ, ಅಂದರೆ 10 ಚದರ ಮೀಟರ್. ಪುಡಿ ಮತ್ತು ದ್ರವ ಕಲಸಿ ಹೊಡೆಯುವ ಪಾಲಿಮರ್ ಕೋಟ್ ಎರಡು ಕೈಗೆ ಚದರ ಮೀಟರಿಗೆ ಸುಮಾರು ಒಂದೂವರೆಯಿಂದ 2 ಕೆಜಿ ಬೇಕು, ಡಬ್ಬದ ಮೇಲೇ ಬರೆದಿರುತ್ತೆ. ಅಲ್ಲಿಗೆ 15ರಿಂದ 20 ಕೆಜಿ. 3 ಕೆಜಿಯಲ್ಲಿ ಆಗಿರೋದು ಬಣ್ಣ ಬಳಿದ ಹಾಗೆ ಅಷ್ಟೇ.

ಅದನ್ನ ಸಾಬೀತು ಮಾಡೋಕೆ ನೀರು ನಿಲ್ಲಿಸಿ ನೋಡಿ. ನೆಲದ ನೀರು ಹೊರಹೋಗುವ ಟ್ರ್ಯಾಪ್ ಬಾಯಿಗೆ ರಬ್ಬರ್ ಟೆಸ್ಟ್ ಪ್ಲಗ್ ಹಾಕಿ ಬಿಗಿ ಮಾಡಿ, ಬಾಗಿಲ ಹೊಸ್ತಿಲಲ್ಲಿ ಇಟ್ಟಿಗೆ ಮತ್ತು ಗಾರೆಯ ಚಿಕ್ಕ ಕಟ್ಟೆ ಕಟ್ಟಿ, 2 ಇಂಚು ನೀರು ತುಂಬಿಸಿ. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಗೆರೆ ಎಳೆದು ಪಕ್ಕದಲ್ಲೇ ದಿನಾಂಕ, ಗಂಟೆ ಬರೆಯಿರಿ. ಅಲ್ಲೇ ಒಂದು ಅಗಲ ಬಾಯಿಯ ಬಕೆಟ್‌ನಲ್ಲೂ ನೀರಿಟ್ಟು ಗೆರೆ ಹಾಕಿ. 48 ಗಂಟೆಯಲ್ಲಿ ಬಕೆಟ್‌ನಲ್ಲಿ ಎಷ್ಟು ಇಳಿಯಿತೋ ಅಷ್ಟು ಆವಿಯಾದದ್ದು. ನೆಲದಲ್ಲಿ ಅದಕ್ಕಿಂತ ಜಾಸ್ತಿ ಇಳಿದರೆ ಸೋರಿಕೆ. ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಮೊದಲು ಒದ್ದೆಯಾಗೋದು ಪೈಪ್ ತೂರಿದ ಜಾಗ. ಸ್ಲ್ಯಾಬ್ ಕೊರೆದು ಪೈಪ್ ಇಳಿಸಿದ ಮೇಲೆ ಆ ಸಂದಿಗೆ ಕುಗ್ಗದ ಗ್ರೌಟ್ ತುಂಬಬೇಕು. ಬರೀ ಸಿಮೆಂಟ್ ಗಾರೆ ತುಂಬಿದರೆ ಒಣಗುವಾಗ ಕುಗ್ಗಿ ಕೂದಲೆಳೆಯ ಸಂದಿ ಬಿಡುತ್ತೆ. ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಗೋಲಾ (ಗಾರೆ ತುಂಬಿ ದುಂಡಗೆ ಮಾಡೋದು) ಮಾಡಿದ್ದಾರಾ ಅಂತ ಕೈಯಾಡಿಸಿ ನೋಡಿ, ಮೂಲೆ ಚೂಪಾಗಿದ್ದರೆ ಕೋಟ್ ಮೊದಲು ಸೀಳೋದು ಅಲ್ಲೇ.

ನೀರಿನ ಲೈನನ್ನು ಗೋಡೆ ಮುಚ್ಚೋ ಮುಂಚೆ ಪ್ರೆಶರ್ ಟೆಸ್ಟ್ ಮಾಡಿಸಲೇಬೇಕು. ಎಲ್ಲ ಬಾಯಿಗೂ ಡಮ್ಮಿ (ತಾತ್ಕಾಲಿಕ ಮುಚ್ಚಳ) ಹಾಕಿ, ಒಳಗಿನ ಗಾಳಿ ಪೂರ್ತಿ ಬಿಟ್ಟು ನೀರು ತುಂಬಿಸಿ, ಕೈಪಂಪಿನಲ್ಲಿ 6 ಕೆಜಿ ಒತ್ತಡಕ್ಕೆ (ಚದರ ಸೆಂಟಿಮೀಟರಿಗೆ) ಏರಿಸಿ 2 ಗಂಟೆ ಬಿಡಿ. ಗೇಜಿನ ಮುಳ್ಳು ಇಳಿಯಬಾರದು. ಟ್ಯಾಂಕ್‌ನಿಂದ 10 ಮೀಟರ್ ಕೆಳಗೆ ಬರುವ ನೀರಿನ ಒತ್ತಡ ಬರೀ 1 ಕೆಜಿ, ಪ್ರೆಶರ್ ಪಂಪ್ ಇದ್ದರೂ 3 ಕೆಜಿ ಸುತ್ತಮುತ್ತ, ಹಾಗಾಗಿ 6 ಸಾಕಷ್ಟಾಯಿತು. ಕೊನೆಯ ಜಾಯಿಂಟ್ ಅಂಟಿಸಿ 24 ಗಂಟೆ ಆಗಿರಲಿ. ಕಂಪ್ರೆಸರ್ ಗಾಳಿಯಲ್ಲಿ ಟೆಸ್ಟ್ ಮಾಡ್ತೀನಿ ಅಂದರೆ ಬಿಡಬೇಡಿ, ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಒಡೆದರೆ ಚೂರು ಸಿಡಿಯುತ್ತೆ.

ಹಾಗೇ ಎರಡು ವಿಷಯ ನೋಡಿ. ನಲ್ಲಿ ಕೂರುವ ಕಡೆ ಹಿತ್ತಾಳೆ ಥ್ರೆಡ್ ಇರೋ ಎಲ್ಬೋ ಹಾಕಿದ್ದಾರಾ? ಪ್ಲಾಸ್ಟಿಕ್ ಥ್ರೆಡ್ ಆದರೆ ನಲ್ಲಿ ಬಿಗಿ ಮಾಡುವಾಗ ಸೀಳುತ್ತೆ, ಗೊತ್ತಾಗೋದು ಟೈಲ್ ಆದಮೇಲೆ. ವಾಲ್ ಮಿಕ್ಸರ್‌ನ ಬಿಸಿ ಮತ್ತು ತಣ್ಣೀರಿನ ಬಾಯಿ ನಡುವೆ ಮಧ್ಯದಿಂದ ಮಧ್ಯಕ್ಕೆ 6 ಇಂಚು, ಒಂದೇ ಮಟ್ಟ. ಇದು ತಪ್ಪಿದ್ದರೆ ಗೋಡೆ ಮತ್ತೆ ಕೊರೀತಾರೆ, ಆಗ ಶವರ್ ಗೋಡೆಯ ಕೋಟೂ ಹರಿಯುತ್ತೆ. ಕೋಟ್ ಹೊಡೆದ ಮೇಲೆ ಕೊರೆಯೋದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ಅನಾಹುತ.

ಮೈಸೂರು_ಮನೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಮೂರು ಪ್ರಶ್ನೆ: 1,70,000ದಲ್ಲಿ 60,000 ಕ್ಯಾಶ್ ಕೊಟ್ಟಿದ್ದೇನೆ, ರಸೀದಿ ಇಲ್ಲ. ಅವರ ಕಟರ್, ಡ್ರಿಲ್ ಇಲ್ಲೇ ಇವೆ, ದುಡ್ಡು ಬರೋವರೆಗೆ ಇಟ್ಟುಕೊಳ್ಳಬಹುದಾ? ಪೊಲೀಸ್ ಕಂಪ್ಲೇಂಟ್ ಪ್ರಯೋಜನ ಆಗುತ್ತಾ?

ಗ್ರಾಹಕ_ಪರ

ಕ್ಯಾಶ್ ವಿಷಯಕ್ಕೆ, ಜಗಳದ ಮಾತು ಬರೋ ಮುಂಚೆ ವಾಟ್ಸಾಪ್‌ನಲ್ಲಿ ತಣ್ಣಗೆ ಹೀಗೆ ಹಾಕಿ: "ನಮಸ್ಕಾರ, ಲೆಕ್ಕ ಬರೆದಿಡ್ತಿದ್ದೀನಿ. ಯುಪಿಐ 1,10,000, ಕ್ಯಾಶ್ 60,000, ಒಟ್ಟು 1,70,000 ನಿಮಗೆ ತಲುಪಿದೆ ಅಲ್ವಾ? ಬಾಕಿ ಕೆಲಸ ಯಾವತ್ತು ಶುರು?" ಅವರು "ಹೌದು ಸಾರ್, ಸೋಮವಾರ" ಅಂದರೆ ರಸೀದಿಯಷ್ಟೇ ಬೆಲೆ. ಚಾಟ್‌ನಲ್ಲಿ ಮೆಸೇಜ್ ತಾನಾಗೇ ಅಳಿಯುವ ಸೆಟ್ಟಿಂಗ್ ಆಫ್ ಮಾಡಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋನ್ ಬದಲಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರವನ್ನೂ ಜೊತೆಗಿಡಿ.

ಉಪಕರಣ ಇಟ್ಟುಕೊಳ್ಳಬೇಡಿ. ನಿಮ್ಮ ಗಟ್ಟಿ ಕೇಸು ಅಲ್ಲಿಂದಲೇ ಸಡಿಲವಾಗುತ್ತೆ, ಅವರೇ ನಿಮ್ಮ ಮೇಲೆ ದೂರು ಕೊಡ್ತಾರೆ. ಪಟ್ಟಿ ಮಾಡಿ, ಫೋಟೋ ತೆಗೆದು, ಸಹಿ ಹಾಕಿಸಿಕೊಂಡು ಕೊಟ್ಟುಬಿಡಿ.

ಕೆಲಸ ತಡವಾಯಿತು ಅಂದಮಾತ್ರಕ್ಕೆ ವಂಚನೆ ಆಗಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು, ಉದಾಹರಣೆಗೆ ಸುಳ್ಳು ಬಿಲ್ ತೋರಿಸಿ ಸಾಮಾನಿನ ದುಡ್ಡು ಪಡೆದದ್ದು. ಅಂಥ ದಾಖಲೆ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ದೂರು ಕೊಡಿ. ಇಲ್ಲದಿದ್ದರೆ ಠಾಣೆಯಲ್ಲಿ "ಇದು ಸಿವಿಲ್ ವ್ಯಾಜ್ಯ" ಅಂತಾರೆ, ಅದು ತಪ್ಪೂ ಅಲ್ಲ.

ನಿಮ್ಮ ದಾರಿ ಗ್ರಾಹಕ ಆಯೋಗ. ಕೊಟೇಶನ್‌ನಲ್ಲಿ ದಿನಾಂಕ ಇಲ್ಲದ ಕಾರಣ ಮೊದಲು ನೋಟಿಸ್ ಕೊಟ್ಟು ನೀವೇ ಗಡುವು ಹಾಕಬೇಕು: 15 ದಿನದೊಳಗೆ ಕೆಲಸ ಮುಂದುವರಿಸಿ ಇಂಥ ದಿನಕ್ಕೆ ಮುಗಿಸಿ, ಇಲ್ಲವಾದರೆ ಗುತ್ತಿಗೆ ರದ್ದು, ಬೇರೆಯವರಿಂದ ಮಾಡಿಸಿ ಹೆಚ್ಚಿನ ಖರ್ಚನ್ನೂ ಹೆಚ್ಚುವರಿಯಾಗಿ ಪಡೆದ ಹಣವನ್ನೂ ನಿಮ್ಮಿಂದ ವಸೂಲು ಮಾಡುತ್ತೇವೆ. ಇಂಜಿನಿಯರ್ ವರದಿಯ ಪ್ರತಿ ಲಗತ್ತಿಸಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ, ಅದೇ ಪ್ರತಿಯನ್ನ ವಾಟ್ಸಾಪ್‌ಗೂ ಹಾಕಿ. ತೆಗೆದುಕೊಳ್ಳದೆ ವಾಪಸ್ ಬಂದರೆ ಲಕೋಟೆ ಒಡೆಯಬೇಡಿ, ಹಾಗೇ ಇಡಿ. ಈ ಗಡುವು ಮುಗಿಯೋ ಮುಂಚೆ ಹೊಸಬರನ್ನ ಒಳಗೆ ಬಿಟ್ಟರೆ "ನನಗೆ ಅವಕಾಶವೇ ಕೊಡಲಿಲ್ಲ" ಅನ್ನೋ ವಾದ ಅವರ ಕೈಗೆ ಸಿಗುತ್ತೆ.

ನೋಟಿಸ್ ಜೊತೆಗೇ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಖರ್ಚಿಲ್ಲ. ಆಮೇಲೂ ಬಗ್ಗದಿದ್ದರೆ ಜಿಲ್ಲಾ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾಂಟ್ರಾಕ್ಟರ್ ಎಲ್ಲಿಯವರೇ ಆಗಿರಲಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಕಾಲಮಿತಿ 2 ವರ್ಷ. ತೀರ್ಪು ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಅಲ್ಲಿವರೆಗೆ ಬಾತ್‌ರೂಮ್ ಹಾಗೇ ಬಿಟ್ಟಿರಬೇಕಾಗಿಲ್ಲ. ದಾಖಲೆ ಭದ್ರ ಇದ್ದು ಗಡುವು ಮುಗಿದಿದ್ದರೆ ಕೆಲಸ ಮುಂದುವರಿಸಿ, ಪ್ರತಿ ಬಿಲ್ಲೂ ಇಡಿ.

ಸೈಟ್_ಇಂಜಿನಿಯರ್

ಹೊಸಬರಿಗೆ ದುಡ್ಡು ಕೊಡೋ ಕ್ರಮ ಮಾತ್ರ ಈ ಸಲ ಬೇರೆ ಇರಲಿ. ಸಾಮಾನು ನೀವೇ ಅಂಗಡಿಯಿಂದ ತರಿಸಿ, ಅವರಿಗೆ ಕೂಲಿ ಗುತ್ತಿಗೆ ಮಾತ್ರ ಕೊಡಿ. ಅಡ್ವಾನ್ಸ್ 10% ಮೇಲೆ ಬೇಡ. ಪ್ರೆಶರ್ ಟೆಸ್ಟ್ ಪಾಸಾದಾಗ 25%, ನೀರು ನಿಲ್ಲಿಸಿದ ಪರೀಕ್ಷೆ ಪಾಸಾದಾಗ 20%, ಟೈಲ್ ಮುಗಿದಾಗ 25%, ಫಿಟ್ಟಿಂಗ್ ಆಗಿ ನೀರು ಹರಿದಾಗ 10%. ಮಿಕ್ಕ 10% ಒಂದು ಮಳೆಗಾಲ ಕಳೆದ ಮೇಲೆ. "ವಾರಕ್ಕೆ ಇಷ್ಟು" ಅಂತ ಒಪ್ಪಬೇಡಿ, ವಾರ ತಾನಾಗೇ ಮುಗಿಯುತ್ತೆ, ಕೆಲಸ ಮುಗಿಯಲ್ಲ. ಟೈಲ್ ಬಿಲ್ ಪಾಸ್ ಮಾಡೋ ಮುಂಚೆ ಪ್ರತಿ ಟೈಲನ್ನೂ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದದ್ದಕ್ಕೆ ಗುರುತು ಹಾಕಿ ತೆಗೆಸಿ. ಒಂದು ಬಕೆಟ್ ನೀರು ಸುರಿದು ಟ್ರ್ಯಾಪ್ ಕಡೆಗೇ ಹರಿಯುತ್ತಾ ನೋಡಿ, ಇಳಿಜಾರು ಕನಿಷ್ಠ 80ಕ್ಕೆ 1 ಇರಬೇಕು, ಅಂದರೆ 8 ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ.

ಒಂದು ತೊಡಕು ಬರುತ್ತೆ: ಹಳಬರು ಎಳೆದ ಪೈಪಿಗೆ ಗ್ಯಾರಂಟಿ ಕೊಡಲ್ಲ ಅಂತ ಹೊಸಬರು ಹೇಳ್ತಾರೆ. ಅವರ ಎದುರಲ್ಲೇ 6 ಕೆಜಿ ಟೆಸ್ಟ್ ಮಾಡಿಸಿ. ನಿಂತರೆ "ಪರೀಕ್ಷಿಸಿ ಒಪ್ಪಿಕೊಂಡಿದ್ದೇನೆ" ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿ. ನಿಲ್ಲದಿದ್ದರೆ ಆ ಲೈನ್ ಕಿತ್ತು ಹೊಸದು ಹಾಕಿಸಿ, ಪೈಪಿಗೆ ಹಿಡಿದಿದ್ದ 32,500ನ್ನೂ ಹಳಬರಿಂದ ವಸೂಲು ಮಾಡಬೇಕಾದ ಮೊತ್ತಕ್ಕೆ ಸೇರಿಸಿ.