ಪದಚರ್ಚೆ: ಎಂಜಿನ್ನಿನ ‘ಐಡ್ಲಿಂಗ್’ ಕೆಟ್ಟರೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೇ,

ಕಾರು ದುರಸ್ತಿ ಕಲಿಯುತ್ತಿರುವ ಹುಡುಗರಿಗಾಗಿ ಒಂದು ಗೋಡೆಪಟ್ಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಲೇಬೇಕು. ಒಳಗಿನ ಸಾಲುಗಳೆಲ್ಲ ಮುಗಿದಿವೆ, ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ. ಗೇರ್ ಹಾಕದೆ, ಆಕ್ಸಿಲರೇಟರ್ ಒತ್ತದೆ ಇರುವಾಗ ಎಂಜಿನ್ ತನ್ನಷ್ಟಕ್ಕೆ ತಾನು ಓಡುತ್ತಿರುವ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಐಡಲ್’ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಓಟ ಸರಾಗವಾಗಿಲ್ಲದಿದ್ದರೆ ‘ರಫ್ ಐಡಲ್’, ಸುತ್ತುಗಳು ಇರಬೇಕಾದುದಕ್ಕಿಂತ ಇಳಿದಿದ್ದರೆ ‘ಲೋ ಐಡಲ್’. ನಾನು ಮೊದಲ ಕರಡಿನಲ್ಲಿ ‘ಒರಟು ನಿಷ್ಕ್ರಿಯತೆ’, ‘ಕಡಿಮೆ ನಿಷ್ಕ್ರಿಯತೆ’ ಎಂದು ಬರೆದಿದ್ದೆ. ಅದನ್ನು ಓದಿದ ಕಮ್ಮಟದ ಮೇಷ್ಟರು, ಇದು ಎಂಜಿನ್ನಿನ ಮಾತೋ ಸಂಘಸಂಸ್ಥೆಯ ಮಾತೋ ತಿಳಿಯುತ್ತಿಲ್ಲವೆಂದು ಹಿಂದಿರುಗಿಸಿದರು. ಅವರ ಆಕ್ಷೇಪಣೆ ನ್ಯಾಯವಾದುದೇ. ಬಲ್ಲವರು ದಯವಿಟ್ಟು ಬೇಗ ತಿಳಿಸಿ.

ಉತ್ತರ (ಧಾರವಾಡದಿಂದ)

‘ನಿಷ್ಕ್ರಿಯತೆ’ ತಪ್ಪು. ‘ಬರಿದೋಟ’ ಎಂದು ಬರೆಯಿರಿ.

ಬರಿದು ಮತ್ತು ಓಟ ಸೇರಿದರೆ ಲೋಪಸಂಧಿಯಾಗಿ ‘ಬರಿದೋಟ’. ‘ಬರಿ’ ಎಂಬುದು ಹಳಗನ್ನಡದಲ್ಲಿ ಶಕಟರೇಫದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ) ‘ಬಱಿ’. ತಮಿಳಿನ ‘ವಱಿದು’ ಅದರ ಒಡಹುಟ್ಟು. ಮಳೆಯಿಲ್ಲದ ‘ಬರ’ವೂ ಅದೇ ಬೇರಿನಿಂದ ಬಂದುದು. ಇಂಗ್ಲಿಷಿನ ‘ಐಡಲ್’ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬರಿದು, ಟೊಳ್ಳು ಎಂಬ ಅರ್ಥವಿತ್ತು. ಜರ್ಮನರು ಈ ಸ್ಥಿತಿಯನ್ನು ‘ಲೇರ್‌ಲೌಫ್’ ಎನ್ನುತ್ತಾರೆ. ‘ಲೇರ್’ ಎಂದರೆ ಬರಿದು, ‘ಲೌಫ್’ ಎಂದರೆ ಓಟ. ನಮ್ಮಲ್ಲಿ ಬರಿಗಾಲು, ಬರಿಗೈ, ಬರಿಮಾತು ಬಳಕೆಯಲ್ಲಿರುವಾಗ ಇನ್ನೊಂದು ಪದವನ್ನು ಹುಡುಕುವ ಕಾರಣವೇ ಇಲ್ಲ. ‘ಒರಟು ಬರಿದೋಟ’, ‘ಕೆಳ ಬರಿದೋಟ’. ಚರ್ಚೆ ಇಲ್ಲಿಗೆ ಮುಗಿಯಬಹುದು.

ಉತ್ತರ (ಮೈಸೂರಿನಿಂದ)

‘ಬರಿದೋಟ’ ಹೊಸದಾಗಿರುವುದರಿಂದ ಹುಡುಗರಿಗೆ ಕಷ್ಟವಾದೀತು. ‘ಹೊರೆರಹಿತ ವೇಗ’ ಎಂದರೆ ಹೇಗೆ? ಎಂಜಿನ್ ಗಾಲಿಗಳನ್ನು ಎಳೆಯುತ್ತಿಲ್ಲ ಎಂಬ ಭಾವ ಅದರಲ್ಲಿ ಬರುತ್ತದೆ.

ಉತ್ತರ (ಧಾರವಾಡದಿಂದ)

ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ. ಬೇಡ.

ಉತ್ತರ (ಹುಬ್ಬಳ್ಳಿಯಿಂದ)

ಮಾನ್ಯರೇ,

ನಾನು ಗ್ಯಾರೇಜಿನಲ್ಲಿ ಬಹುಕಾಲ ಕೆಲಸ ಮಾಡಿದವನು. ಭಾಷೆಯ ವಿಷಯದಲ್ಲಿ ಧಾರವಾಡದ ಹಿರಿಯರಿಗೆ ಎದುರಾಡುವ ಅಧಿಕಾರ ನನಗಿಲ್ಲ. ಎಂಜಿನ್ನಿನ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಲೇಬೇಕಾಗಿದೆ.

ಮೊದಲನೆಯದಾಗಿ, ಐಡ್ಲಿಂಗಿನಲ್ಲಿರುವ ಎಂಜಿನ್ ಬರಿದೆ ಓಡುವುದಿಲ್ಲ, ಹೊರೆಯಿಲ್ಲದೆಯೂ ಓಡುವುದಿಲ್ಲ. ಅದು ತನ್ನ ಒಳಗಿನ ತಿಕ್ಕಾಟವನ್ನು ಮೀರಬೇಕು, ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರನ್ನು ತಿರುಗಿಸಬೇಕು, ಎ.ಸಿ. ಹಾಕಿದರೆ ಕಂಪ್ರೆಸರಿನ ಭಾರವನ್ನೂ ಹೊರಬೇಕು. ಎಂಜಿನ್ ಕಾದ ಮೇಲೆ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ನಿಮಿಷಕ್ಕೆ 700ರಿಂದ 900 ಸುತ್ತುಗಳಷ್ಟೇ ಇರುವುದರಿಂದ, ಸಣ್ಣ ದೋಷವೂ ಅಲ್ಲಿ ಕೈಗೆ ಕಿವಿಗೆ ಸಿಗುತ್ತದೆ. ಅದೇ ದೋಷ 2,500 ಸುತ್ತುಗಳಲ್ಲಿ ಮುಚ್ಚಿಹೋಗಬಹುದು. ಇನ್ನೂ ಒಂದು ತೊಡಕಿದೆ. ಈ ಹುಡುಗರಲ್ಲಿ ಹಲವರು ರೈತರ ಮನೆಗಳಿಂದ ಬಂದವರು. ‘ಬರಿದೋಟ’ವೆಂದರೆ ಅವರಿಗೆ ಮೊದಲು ನೆನಪಾಗುವುದು ಕೊಳವೆಬಾವಿಯಲ್ಲಿ ನೀರಿಲ್ಲದೆ ಓಡಿ ಸುಟ್ಟುಹೋಗುವ ಪಂಪು. ಅದು ಕೂಡಲೇ ನಿಲ್ಲಿಸಬೇಕಾದ ಅಪಾಯ. ಐಡ್ಲಿಂಗ್ ಎಂಜಿನ್ನಿನ ಸಹಜ ಸ್ಥಿತಿ.

ಎರಡನೆಯದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಾವೆಲ್ಲರೂ ‘ಐಡಲ್’ ಹಿಂದೆ ಬಿದ್ದು ‘ರಫ್’ ಪದವನ್ನು ಮರೆತಿದ್ದೇವೆ. ‘ಒರಟು’ ಇಲ್ಲಿ ಏನನ್ನೂ ಹೇಳುವುದಿಲ್ಲ. ಬಟ್ಟೆ ಒರಟು, ಮಾತು ಒರಟು. ಓಟ ಒರಟಾಗುವುದು ಹೇಗೆ? ಇಂಗ್ಲಿಷ್ ಒಂದೇ ಪದದಲ್ಲಿ ಸುತ್ತಿ ಇಟ್ಟಿರುವ ಮೂರು ಬೇರೆ ಬೇರೆ ಲಕ್ಷಣಗಳಿಗೆ ಕನ್ನಡದಲ್ಲಿ ಮೂರು ಕ್ರಿಯಾಪದಗಳಿವೆ. ಒಂದೊಂದರ ಹಿಂದೆ ಹುಡುಕಬೇಕಾದ ಜಾಗವೂ ಬೇರೆ.

ಎಂಜಿನ್ ಕುಂಟಬಹುದು. ನಾಲ್ಕು ಸಿಲಿಂಡರಿನ ಎಂಜಿನ್ 800 ಸುತ್ತುಗಳಲ್ಲಿ ಓಡುವಾಗ ಒಂದೊಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 400 ಬಾರಿ ಕಿಡಿ ಹತ್ತಬೇಕು. ಒಂದು ಸಿಲಿಂಡರ್ ಸತ್ತರೆ ಸೆಕೆಂಡಿಗೆ 6-7 ಬಾರಿ ಹೆಜ್ಜೆ ತಪ್ಪಿದ ಹಾಗೆ, ಒಂದೇ ಲಯದಲ್ಲಿ ಕುಲುಕು ಬರುತ್ತದೆ. ನಮ್ಮ ಕಡೆ ‘ಗಾಡಿ ಮಿಸ್ಸಿಂಗ್ ಆಗಾಕತ್ತೈತ್ರೀ’ ಎನ್ನುವುದು ಇದಕ್ಕೇ. ಕಾರಿನ ಕಂಪ್ಯೂಟರ್ ಗುರುತಿಸಿದ ದೋಷಗಳ ಸಂಕೇತ ತೋರಿಸುವ ಸ್ಕ್ಯಾನರಿನಲ್ಲಿ ಪಿ 0301ರಿಂದ ಪಿ 0304ರವರೆಗಿನ ಸಂಕೇತ ಕಂಡರೆ ಯಾವ ಸಿಲಿಂಡರ್ ಎಂಬುದೂ ತಿಳಿಯುತ್ತದೆ. ಎರಡನೆಯ ಸಿಲಿಂಡರಿನ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗವನ್ನು) ಮೂರನೆಯದಕ್ಕೆ ಹಾಕಿದಾಗ ಸಂಕೇತವೂ ಪಿ 0302ರಿಂದ ಪಿ 0303ಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಹೋಗದಿದ್ದರೆ ಪ್ಲಗ್ಗು, ಇಂಜೆಕ್ಟರು, ಕಂಪ್ರೆಶನ್ನು ನೋಡಬೇಕು.

ಎಂಜಿನ್ ಏರಿಳಿಯಬಹುದು. ಸುತ್ತುಗಳು 600ಕ್ಕೆ ಕುಸಿದು, ಮತ್ತೆ ಸಾವಿರಕ್ಕೆ ಏರಿ, ಮತ್ತೆ ಕುಸಿಯುತ್ತವೆ. ಮೀಟರಿನ ಮುಳ್ಳೇ ಅದನ್ನು ತೋರಿಸುತ್ತದೆ. ಹೀಗಾದಾಗ ನಾನು ಮೊದಲು ಅನುಮಾನಿಸುವುದು ಗಾಳಿಯನ್ನು. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟೋ ಬ್ರೇಕ್ ಬೂಸ್ಟರಿನ ಪೈಪೋ ಸೀಳಿದ್ದರೆ ಎಂಜಿನ್ ‘ಗಾಳಿ ಎಳೆಯುತ್ತದೆ’. ಈ ನುಡಿ ಗ್ಯಾರೇಜಿನದೇ; ಇದನ್ನು ‘ನಿರ್ವಾತ ಸೋರಿಕೆ’ ಎಂದು ದಯವಿಟ್ಟು ತಿದ್ದಬೇಡಿ, ಏಕೆಂದರೆ ಸೋರುವುದು ಒಳಗಿನಿಂದ ಹೊರಕ್ಕೆ, ಇಲ್ಲಿ ಗಾಳಿ ಹೋಗುವುದು ಹೊರಗಿನಿಂದ ಒಳಕ್ಕೆ. ಹೀಗೆ ಕದ್ದು ಒಳಬಂದ ಗಾಳಿಯಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ತೆಳುವಾಗಿ ಎಂಜಿನ್ ತಡವರಿಸುತ್ತದೆ. ರೇಸ್ ಮಾಡಿದರೆ ಒಟ್ಟು ಗಾಳಿಯೇ ಹೆಚ್ಚಾಗಿ, ಕದ್ದ ಗಾಳಿಯ ಪಾಲು ಚಿಕ್ಕದಾಗಿ, ಓಟ ಸುಧಾರಿಸುತ್ತದೆ.

ಮೂರನೆಯದಾಗಿ ಎಂಜಿನ್ ಅದುರಬಹುದು. ಮುಳ್ಳು ಕದಲುವುದಿಲ್ಲ, ಸದ್ದಿನಲ್ಲಿ ತಪ್ಪಿಲ್ಲ, ಆದರೂ ಸ್ಟಿಯರಿಂಗು ಮತ್ತು ಸೀಟು ನಡುಗುತ್ತವೆ. ಅಲ್ಲಿ ದೋಷವಿರುವುದು ಉರಿತದಲ್ಲಲ್ಲ, ಬಹುಮಟ್ಟಿಗೆ ಎಂಜಿನ್ ಕುಳಿತಿರುವ ರಬ್ಬರ್ ಮೌಂಟಿಂಗಿನಲ್ಲಿ. ಇದನ್ನೂ ‘ಒರಟು’ ಎಂದು ಕಲಿತ ಹುಡುಗ ನಾಲ್ಕು ಒಳ್ಳೆಯ ಪ್ಲಗ್ಗುಗಳನ್ನು ಬಿಚ್ಚಿ ಎಸೆಯುತ್ತಾನೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಆ ಖರ್ಚು ಗ್ರಾಹಕನ ತಲೆಯ ಮೇಲೆ ಬಿದ್ದದ್ದನ್ನೂ ಕಂಡಿದ್ದೇನೆ.

‘ಲೋ ಐಡಲ್’ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರಿನ ಪಟ್ಟಿಯಲ್ಲಿ ಅದು ದೋಷ: ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿ ಗಾಳಿ ಸಾಲದೆ ಸುತ್ತು ಇಳಿಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗಲೋ ಎ.ಸಿ. ಹಾಕಿದಾಗಲೋ ಗಾಡಿ ನಿಂತುಹೋಗುತ್ತದೆ, ಸ್ಕ್ಯಾನರಿನಲ್ಲಿ ಪಿ 0506 ಬರುತ್ತದೆ. ಟ್ರ್ಯಾಕ್ಟರ್ ಮತ್ತು ಜೆಸಿಬಿಯಂಥ ಡೀಸೆಲ್ ಎಂಜಿನ್ನುಗಳ ಕೈಪಿಡಿಯಲ್ಲಾದರೋ ‘ಲೋ ಐಡಲ್’ ದೋಷವೇ ಅಲ್ಲ. ಅದು ನಿಗದಿಯಾದ ಕನಿಷ್ಠ ವೇಗ, ಹೊರೆಯಿಲ್ಲದಾಗ ವೇಗದ ಹತೋಟಿ ಹಿಡಿದಿರುವ ಗವರ್ನರ್ ಬಿಡುವ ಗರಿಷ್ಠ ವೇಗ ‘ಹೈ ಐಡಲ್’. ನಿಮ್ಮ ಪಟ್ಟಿ ಮುಂದೆ ಡೀಸೆಲ್ ವಿಭಾಗಕ್ಕೂ ಹೋಗುವುದಾದರೆ ‘ಕೆಳ ಬರಿದೋಟ’ ಎಂಬ ಒಂದೇ ಪದ ಎರಡಕ್ಕೂ ಬಿದ್ದು ಅನರ್ಥವಾಗುತ್ತದೆ.

ಅಂಕಿಗಳನ್ನೂ ಒಮ್ಮೆ ನೋಡಿ. ಮೂಲದಲ್ಲಿ ಮ್ಯಾನಿಫೋಲ್ಡಿನ ಒಳಗಿನ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜು ಐಡ್ಲಿಂಗಿನಲ್ಲಿ 17ರಿಂದ 22 ಅಂಗುಲ (ಪಾದರಸದ ಅಳತೆ) ತೋರಿಸಬೇಕೆಂದಿದ್ದರೆ ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಅಂಗುಲ ಕಳೆಯಬೇಕು. ಮಂಗಳೂರಿನಲ್ಲಿ ಸರಿಹೋಗುವ ಅಂಕಿ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಒಳ್ಳೆಯ ಎಂಜಿನ್ನನ್ನೂ ರೋಗಿಯಾಗಿ ತೋರಿಸುತ್ತದೆ.

ನನ್ನ ಸಲಹೆ ಇಷ್ಟು. ಸ್ಥಿತಿಯ ಹೆಸರು ‘ಐಡ್ಲಿಂಗ್’ ಎಂದೇ ಇರಲಿ, ಏಕೆಂದರೆ ಕಾರ್ಬ್ಯುರೇಟರಿನ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಿದ್ದ ಕಾಲದಿಂದಲೂ ಗ್ಯಾರೇಜಿನಲ್ಲಿ ಅದೇ ಪದವಿದೆ. ‘ಐಡಲ್’ ಬೇಡ, ವಿಗ್ರಹವೆಂಬ ಅರ್ಥದ ಇಂಗ್ಲಿಷ್ ಪದವೂ ನಮ್ಮ ಲಿಪಿಯಲ್ಲಿ ಹಾಗೆಯೇ ಆಗುತ್ತದೆ. ಕನ್ನಡವನ್ನು ಲಕ್ಷಣಗಳಿಗೆ ಬಳಸಿ, ಅಲ್ಲಿ ಅದು ಇಂಗ್ಲಿಷಿಗಿಂತ ನಿಖರವಾಗಿದೆ.

ಉತ್ತರ (ಧಾರವಾಡದಿಂದ)

ಗ್ಯಾರೇಜಿನಲ್ಲಿ ಬಳಸುತ್ತಾರೆ ಎಂಬುದು ಪ್ರಮಾಣವಲ್ಲ. ಆ ದಾರಿ ಹಿಡಿದರೆ ಎಂಜಿನ್ನಿನ ಒಂದು ಭಾಗಕ್ಕೂ ಕನ್ನಡದ ಹೆಸರು ಉಳಿಯುವುದಿಲ್ಲ. ಹೆಸರುಗಳೆಲ್ಲ ಎರವಲಾಗಿ ಕ್ರಿಯಾಪದಗಳಷ್ಟೇ ನಮ್ಮವಾಗಿ ಉಳಿದರೆ ಕನ್ನಡ ಬರಿಯ ಪ್ರತ್ಯಯಗಳ ಭಾಷೆಯಾಗುತ್ತದೆ. ಪಂಪಿನ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಅದಕ್ಕಾಗಿ ಇನ್ನೊಂದು ಕನ್ನಡ ಪದವನ್ನು ಹುಡುಕಬೇಕೇ ಹೊರತು ಹುಡುಕಾಟವನ್ನೇ ಬಿಡಬಾರದು.

ಉತ್ತರ (ಹುಬ್ಬಳ್ಳಿಯಿಂದ)

ಹಿರಿಯರು ಕ್ಷಮಿಸಬೇಕು. ಗಾಡಿಯ ‘ಚಾವಿ’ ಪೋರ್ಚುಗೀಸರದು, ಕೆಲಸ ಕಲಿಸಿದ ‘ಮೇಸ್ತ್ರಿ’ಯೂ ಅವರದೇ ಮಾತು. ಅವುಗಳಿಗೆ ವಿಭಕ್ತಿ ಹಚ್ಚಿ ನಾವು ನಮ್ಮವಾಗಿಸಿಕೊಂಡೆವು, ಕನ್ನಡ ಅದರಿಂದ ಸೊರಗಲಿಲ್ಲ. ‘ಐಡ್ಲಿಂಗಿನಲ್ಲಿ’, ‘ಐಡ್ಲಿಂಗಿಗೆ’ ಎಂದು ಸಲೀಸಾಗಿ ವಿಭಕ್ತಿ ಹತ್ತುವ ಪದ ಅರ್ಧದಷ್ಟು ಒಳಗೆ ಬಂದಂತೆಯೇ. ಹೊಸ ಪದವನ್ನು ಹುಡುಕಬಾರದೆಂದು ನಾನು ಹೇಳುತ್ತಿಲ್ಲ. ರೋಗ ಪತ್ತೆಹಚ್ಚುವ ಪಟ್ಟಿಯ ಮೇಲೆ ಅದನ್ನು ಪ್ರಯೋಗಿಸುವುದು ಬೇಡ ಎನ್ನುತ್ತಿದ್ದೇನೆ.

ಪ್ರಶ್ನೆ ಕೇಳಿದವರಿಂದ (ದಾವಣಗೆರೆ)

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿ ಕಾರುಗಳಿಗಷ್ಟೇ ಸೀಮಿತ. ಕಮ್ಮಟದ ಮೇಷ್ಟರಿಗೆ ಓದಿ ತೋರಿಸಿದ ಮೇಲೆ ತಲೆಬರಹವನ್ನು ‘ಐಡ್ಲಿಂಗಿನಲ್ಲಿ ಎಂಜಿನ್ ಸರಿಯಾಗಿ ಓಡದಿದ್ದರೆ’ ಎಂದು ಮಾಡಿದ್ದೇನೆ. ಅದರ ಕೆಳಗೆ ನಾಲ್ಕು ಸಾಲುಗಳು: ‘ಒಂದೇ ಲಯದಲ್ಲಿ ಕುಂಟುತ್ತದೆ’, ‘ಸುತ್ತು ಏರಿಳಿಯುತ್ತದೆ’, ‘ಮುಳ್ಳು ಕದಲದೆ ಗಾಡಿ ಅದುರುತ್ತದೆ’, ‘ಸುತ್ತು ಇಳಿದು ನಿಂತುಹೋಗುತ್ತದೆ’. ಮೂಲದಲ್ಲಿ ಎರಡೇ ವಿಭಾಗಗಳಿದ್ದವು. ಗೇಜಿನ ಅಂಕಿಯ ಪಕ್ಕದಲ್ಲಿ ಎತ್ತರದ ಲೆಕ್ಕವನ್ನೂ ಸೇರಿಸಿದ್ದೇನೆ. ‘ವ್ಯಾಕ್ಯೂಮ್ ಲೀಕ್’ ಇದ್ದಲ್ಲೆಲ್ಲ ‘ಗಾಳಿ ಎಳೆಯುವುದು’ ಎಂದಾಗಿದೆ.

ಉತ್ತರ (ಧಾರವಾಡದಿಂದ)

ನಾಲ್ಕೂ ಸಾಲುಗಳು ಸರಿಯಾಗಿವೆ. ‘ಅದುರುತ್ತದೆ’ ಎಂಬಲ್ಲಿ ಅಚ್ಚಿನವರು ‘ಅದರುತ್ತದೆ’ ಮಾಡದಂತೆ ನೋಡಿಕೊಳ್ಳಿ. ‘ಐಡ್ಲಿಂಗ್’ ಕುರಿತ ನನ್ನ ಆಕ್ಷೇಪಣೆ ಹಾಗೆಯೇ ಇದೆ.